ಬಯಲುಸೀಮೆಯ ಕೆರೆಗಳು

ವರ್ಷವಿಡೀ ಹರಿಯುವ ಹೊಳೆಯಿಲ್ಲದ ಕೋಲಾರದಂಥ ಸೀಮೆಗಳಲ್ಲಿ ಮಳೆನೀರಿಗೆ ಅಡ್ಡಲಾಗಿ ಏರಿ ಹಾಕಿ, ಕುಡಿಯಲು, ದನಕರುಗಳಿಗೆ ಮತ್ತು ಬೇಸಾಯಕ್ಕೆ ನೀರು ನಿಲ್ಲಿಸಿಕೊಂಡ ವ್ಯವಸ್ಥೆಯೇ ಕೆರೆ. ಇಲ್ಲಿನ ಕೆರೆಗಳು ಒಂಟಿಯಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಹಳ್ಳ ಹಿಡಿದು ಕೆಳಗಿನ ಊರಿನ ಕೆರೆ ಸೇರುತ್ತದೆ.

ಚಿತ್ರದುರ್ಗದ ಬಳಿಯ ಚಂದ್ರವಳ್ಳಿ ಶಾಸನ ನಾಲ್ಕನೇ ಶತಮಾನದ ಕದಂಬ ಮಯೂರಶರ್ಮನ ಕೆರೆಯನ್ನು ಹೆಸರಿಸುತ್ತದೆ. ಅದೇ ವಂಶದ ಕಾಕುಸ್ಥವರ್ಮ ಕಟ್ಟಿಸಿದ ಕೆರೆಯ ಮಾತು ತಾಳಗುಂದದ ಸ್ತಂಭಶಾಸನದಲ್ಲಿದೆ. ಗಂಗರಿಂದ ವಿಜಯನಗರದವರೆಗೆ ಅರಸರು, ನಾಯಕರು, ವರ್ತಕರು, ದೇವದಾಸಿಯರು ಕೆರೆ ಕಟ್ಟಿಸಿದರು. ಆದರೆ ಕೆರೆಗಳನ್ನು ಶತಮಾನಗಳ ಕಾಲ ಉಳಿಸಿದ್ದು ಕಟ್ಟಿಸಿದವರ ಪುಣ್ಯಕ್ಕಿಂತ ಹೆಚ್ಚಾಗಿ ನೋಡಿಕೊಂಡವರ ದುಡಿಮೆ. ಅದಕ್ಕೆಂದೇ ಬಿತ್ತುವಟ್ಟ, ಕಟ್ಟುಕೊಡಗಿ ಎಂಬ ದತ್ತಿಗಳಿದ್ದವು. ಹೂಳು ಸಾಗಿಸುವ ಬಂಡಿಯ ಖರ್ಚನ್ನೂ ಶಾಸನಗಳು ನಿಗದಿಪಡಿಸಿವೆ. ತೂಬಿನ ಕಲ್ಲುಕಂಬಗಳ ನಡುವೆ ಇಳಿಬಿಟ್ಟ ಗೂಟವನ್ನು ಎತ್ತಿ ನೀರು ಬಿಡುವವನು ನೀರುಗಂಟಿ. ಮಳೆ ಕೈಕೊಟ್ಟ ವರ್ಷ ಅಚ್ಚುಕಟ್ಟಿನಲ್ಲಿ ಯಾರ ಗದ್ದೆಗೆ ಎಷ್ಟು ನೀರೆಂದು ಹಂಚುವ ಹೊಣೆಯೂ ಅವನದೇ. ಸುಗ್ಗಿಯಲ್ಲಿ ಅವನಿಗೆ ಕಾಳು ಸಲ್ಲುತ್ತಿತ್ತು. ಏರಿಯ ಮಣ್ಣು ಹೊತ್ತ ಒಡ್ಡರ ಹೆಸರು ಮಾತ್ರ ಶಾಸನಗಳಲ್ಲಿ ಅಪರೂಪ.

1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷರ ಕೈಸೇರಿತು. 1856ರಲ್ಲಿ ಲೋಕೋಪಯೋಗಿ ಇಲಾಖೆ ಬಂತು. ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆನ್ನುವಷ್ಟು ದಟ್ಟವಾಗಿ ಈ ನಾಡು ಕೆರೆಗಳಿಂದ ತುಂಬಿದೆ ಎಂದು ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ 1860ರ ದಶಕದಲ್ಲಿ ಬೆರಗಾಗಿ ಬರೆದರು. ಅಷ್ಟರಲ್ಲಾಗಲೇ ದುರಸ್ತಿಯ ಹೊಣೆ ಊರಿನಿಂದ ಕಚೇರಿಯತ್ತ ಸರಿಯತೊಡಗಿತ್ತು. ಹೂಳು ತುಂಬಿತು, ರಾಜಕಾಲುವೆಗಳು ಒತ್ತುವರಿಯಾದವು. ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ ಕೊಳವೆಬಾವಿ ಬಂದ ಮೇಲೆ ರೈತನಿಗೆ ಕೆರೆಯ ಹಂಗೂ ತಪ್ಪಿತು. ಅಂತರ್ಜಲ ಪಾತಾಳಕ್ಕಿಳಿಯಿತು, ಕೋಲಾರ, ಪಾವಗಡಗಳಲ್ಲಿ ಆಳದಿಂದ ಎತ್ತಿದ ಕುಡಿಯುವ ನೀರಿನ ಫ್ಲೋರೈಡ್ ಜನರ ಹಲ್ಲು, ಮೂಳೆಗಳನ್ನು ಕೆಡಿಸಿತು.

ಕೆರೆಗಳನ್ನು ಊರಿನ ಸಂಘಗಳಿಗೆ ಒಪ್ಪಿಸಿ ಪುನಶ್ಚೇತನಗೊಳಿಸುವ ಯೋಜನೆ ವಿಶ್ವಬ್ಯಾಂಕ್ ನೆರವಿನಿಂದ 2002ರಲ್ಲಿ ಆರಂಭವಾಯಿತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಿದೆ. ಒಣಗಿದ್ದ ಕೆರೆಗಳು ತುಂಬಿವೆ, ಬಾವಿಗಳಲ್ಲಿ ನೀರೆದ್ದಿದೆ. ಅದೇ ಅಂತರ್ಜಲವನ್ನು ಜನ ಕುಡಿಯುವುದರಿಂದ ಮೂರನೇ ಹಂತದ ಶುದ್ಧೀಕರಣವೂ ಆಗಬೇಕೆಂಬ ಅಲ್ಲಿನ ರೈತರ ಬೇಡಿಕೆ ನ್ಯಾಯವಾದುದು.