ನಕ್ಷೆ ಮೇಲೊಂದು ಸಾಲು, ಪೊದೆ ಮೇಲೊಂದು ಹಕ್ಕಿ

(1/8)
ಇಂಟರ್ನಲ್ಸ್ ಮುಗೀತು, ನಮ್ಮ ಇತಿಹಾಸ ಸರಣಿ ಮತ್ತೆ ಶುರು. ಈ ಸಲ ಫೋಟೋಗಳು ನನ್ನವಲ್ಲ. ನಮ್ಮ ದೊಡ್ಡಮ್ಮನ ಮಗಳು ಶಿಕಾಗೊದಲ್ಲಿದ್ದಾಳೆ. ಮೇ ತಿಂಗಳಲ್ಲಿ ಅಲ್ಲಿನ ಸರೋವರದ ದಂಡೆಯ ಪಾರ್ಕುಗಳಲ್ಲಿ ಓಡಾಡಿ ತೆಗೆದು ಕಳಿಸಿದ್ದು. ಅಕ್ಕನ ಒಪ್ಪಿಗೆ ತಗೊಂಡೇ ಹಾಕ್ತಿದೀನಿ.

ಮೊದಲನೇ ಫೋಟೋ ಸ್ವಲ್ಪ ಝೂಮ್ ಮಾಡಿ. ಪೊದೆಯ ಕೊಂಬೆ ಮೇಲೆ ಕೆಂಡದ ಬಣ್ಣದ ಕತ್ತಿನ ಒಂದು ಪುಟ್ಟ ಹಕ್ಕಿ ಕೂತಿದೆ ನೋಡಿ. ಹೆಸರು ಬ್ಲ್ಯಾಕ್‌ಬರ್ನಿಯನ್ ವಾರ್ಬ್ಲರ್. ತೂಕ ಸುಮಾರು 10 ಗ್ರಾಂ. ನಿಮ್ಮ ಜೇಬಲ್ಲಿರೋ ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಚಳಿಗಾಲವನ್ನು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಲ್ಲಿ ಕಳೆದು, ಮರಿ ಮಾಡೋಕೆ ಉತ್ತರದ ಕಾಡುಗಳಿಗೆ, ಕೆನಡಾ ಕಡೆಗೆ ಹೊರಟಿದೆ. ದಾರಿ ಮಧ್ಯೆ ಇಲ್ಲಿ ಇಳಿದು, ಹುಳ ತಿಂದು, ಮತ್ತೆ ಹೊರಡುತ್ತೆ.

ನನ್ನ ತಲೆಯಲ್ಲಿ ಕೂತ ಪ್ರಶ್ನೆ ಒಂದೇ. ಅಷ್ಟು ದೊಡ್ಡ ನಗರದಲ್ಲಿ, ಅಷ್ಟು ಬೆಲೆ ಬಾಳೋ ಸರೋವರದ ದಂಡೆಯಲ್ಲಿ, ಈ ಹಕ್ಕಿ ಕೂರೋಕೆ ಒಂದು ಪೊದೆ ಉಳಿದಿದ್ದು ಹೇಗೆ? ಅದಕ್ಕೆ ಉತ್ತರ ಹುಡುಕೋಕೆ ಸುಮಾರು 190 ವರ್ಷ ಹಿಂದೆ ಹೋಗಬೇಕು. ಬನ್ನಿ.

(2/8)
ಮೊದಲು ಹಕ್ಕಿ ಲೆಕ್ಕ. ಈ ಪುಟ್ಟ ಹಕ್ಕಿಗಳು ಹೆಚ್ಚಾಗಿ ರಾತ್ರಿ ಹೊತ್ತು ಪ್ರಯಾಣ ಮಾಡ್ತವೆ. ಸೂರ್ಯ ಮುಳುಗಿದ ಮೇಲೆ ಹೊರಟು, ನಕ್ಷತ್ರಗಳನ್ನೂ ಭೂಮಿಯ ಕಾಂತಕ್ಷೇತ್ರವನ್ನೂ ಗುರುತಾಗಿಟ್ಟುಕೊಂಡು ಹಾರ್ತವೆ. ಬೆಳಗಾಗೋ ಹೊತ್ತಿಗೆ ಎಲ್ಲಾದರೂ ಇಳಿಯಲೇಬೇಕು.

ಶಿಕಾಗೊ ಪಕ್ಕದಲ್ಲಿರೋ ಮಿಶಿಗನ್ ಸರೋವರ ನಮ್ಮ ಕೆರೆ ಥರ ಅಲ್ಲ. ದಕ್ಷಿಣದಿಂದ ಉತ್ತರಕ್ಕೆ 490 ಕಿ.ಮೀ. ಉದ್ದ, ಎದುರು ದಡ ಕಾಣಲ್ಲ, ಸಮುದ್ರವೇ ಅನ್ನಿ. ನಸುಕಿನಲ್ಲಿ ನೀರಿನ ಮೇಲೆ ಸಿಕ್ಕಿಬಿದ್ದ ಹಕ್ಕಿಗಳು ದಡದ ಕಡೆ ತಿರುಗ್ತವೆ. ಮೇಲಿಂದ ಅವಕ್ಕೆ ಕಾಣೋದು ಏನು? ಒಂದು ಕಡೆ ನೀರು, ಇನ್ನೊಂದು ಕಡೆ ಕಾಂಕ್ರೀಟು, ಮಧ್ಯದಲ್ಲಿ ಸೀರೆ ಅಂಚಿನ ಹಾಗೆ ಒಂದು ಹಸಿರು ಪಟ್ಟಿ. ಅದೇ ದಂಡೆಯ ಪಾರ್ಕುಗಳು. ಅದರ ಉದ್ದಕ್ಕೂ ನಡೆಯೋಕೆ, ಸೈಕಲ್ ಹೊಡೆಯೋಕೆ ಸುಮಾರು 30 ಕಿ.ಮೀ. ದಾರಿ ಇದೆ.

ಏಪ್ರಿಲ್, ಮೇ ತಿಂಗಳಲ್ಲಿ, ಅದರಲ್ಲೂ ಮೇ ಮಧ್ಯದಲ್ಲಿ, ಇಲ್ಲಿ ವಾರ್ಬ್ಲರ್, ಥ್ರಷ್, ನೊಣಹಿಡುಕ ಹಕ್ಕಿಗಳ ಜಾತ್ರೆ. ರಾತ್ರಿ ಉತ್ತರದ ಗಾಳಿ ಎದುರಾಗಿ ಮಳೆ ಹೊಡೆದರೆ ಸುಸ್ತಾದ ಹಕ್ಕಿಗಳು ಒಟ್ಟಿಗೆ ಇಳಿದುಬಿಡ್ತವೆ. ಅಂಥ ಒಂದು ಬೆಳಗ್ಗೆ ಅಕ್ಕ ಕಳಿಸಿದ ಮೆಸೇಜು ಇಷ್ಟೇ: "ಕಾಲಿಡೋಕೆ ಭಯ ಕಣೇ, ಹುಲ್ಲಲ್ಲೆಲ್ಲಾ ಹಕ್ಕಿ."

(3/8)
ಈಗ ಇತಿಹಾಸ. ಮೂರನೇ ಫೋಟೋದಲ್ಲಿ ಕಾಣೋದು ಗ್ರಾಂಟ್ ಪಾರ್ಕ್, ನಗರದ ನಡುಮಧ್ಯೆ ಇರೋ ದಂಡೆ.

ವರ್ಷ 1836. ಶಿಕಾಗೊ ಇನ್ನೂ ನಗರವೇ ಆಗಿರಲಿಲ್ಲ, ಆ ಪಟ್ಟ ಸಿಕ್ಕಿದ್ದು 1837ರಲ್ಲಿ. ಕಾಲುವೆ ತೋಡೋಕೆ ದುಡ್ಡು ಬೇಕು ಅಂತ ಅಧಿಕಾರಿಗಳು ಜಾಗವನ್ನು ಸೈಟು ಮಾಡಿ ಮಾರ್ತಿದ್ದರು. ಸೈಟು ನಕ್ಷೆ ಬರೆಯುವಾಗ ನೀರಿನ ಪಕ್ಕದ ಒಂದು ಪಟ್ಟಿಯನ್ನು ಖಾಲಿ ಬಿಟ್ಟು, ಅದರ ಮೇಲೆ ಒಂದು ಸಾಲು ಬರೆದರು. ಇದು ಸಾರ್ವಜನಿಕರ ಜಾಗ, ಇಲ್ಲಿ ಕಟ್ಟಡವಾಗಲಿ ಬೇರೆ ಯಾವ ಅಡ್ಡಿಯಾಗಲಿ ಬರಕೂಡದು, ಎಂದೆಂದಿಗೂ ತೆರೆದೇ ಇರಬೇಕು ಅನ್ನೋ ಅರ್ಥದ ಸಾಲು.

ಹಾಗಂತ ಯಾರಾದರೂ ಪಾಲಿಸಿದರಾ? ಇಲ್ಲ. ದಡದ ಪಕ್ಕ ರೈಲು ಹಳಿ ಬಂತು. 1871ರಲ್ಲಿ ಊರಿಗೆ ಬೆಂಕಿ ಬಿದ್ದು ನಗರದ ದೊಡ್ಡ ಭಾಗ ಸುಟ್ಟಾಗ, ಆ ಅವಶೇಷವನ್ನೆಲ್ಲಾ ತಂದು ಸರೋವರಕ್ಕೇ ಸುರಿದರು. ಆಮೇಲೆ ಕಸ, ಶೆಡ್ಡು, ಗಾಡಿಗಳು. ನಕ್ಷೆ ಕಚೇರಿಯಲ್ಲಿ ಧೂಳು ಹಿಡಿದಿತ್ತು. ಈ ಕಥೆ ನಮಗೆ ಹೊಸದೇನಲ್ಲ, ಅಲ್ವಾ?

(4/8)
ಕಾಮರ್ಸ್‌ನವರೇ, ಇದು ನಮ್ಮ ಭಾಗ, ಗಮನ ಇಟ್ಟು ಓದಿ.

ಏರಾನ್ ಮಾಂಟ್‌ಗೊಮರಿ ವಾರ್ಡ್ ಅಂತ ಒಬ್ಬ ವ್ಯಾಪಾರಿ. 1872ರಲ್ಲಿ ಶಿಕಾಗೊದಿಂದ ಅಂಚೆ ಮೂಲಕ ಸಾಮಾನು ಮಾರೋಕೆ ಶುರು ಮಾಡಿದ. ಹಳ್ಳಿ ರೈತರಿಗೆ ಬೆಲೆಪಟ್ಟಿ ಕಳಿಸೋದು, ಆರ್ಡರ್ ಬಂದರೆ ರೈಲಲ್ಲಿ ಸಾಮಾನು ಕಳಿಸೋದು. ಇಷ್ಟವಾಗದಿದ್ದರೆ ದುಡ್ಡು ವಾಪಸ್ ಅನ್ನೋ ಮಾತನ್ನು 1875ರಲ್ಲೇ ಕೊಟ್ಟವನು. ಇವತ್ತಿನ ಆನ್‌ಲೈನ್ ಅಂಗಡಿಗಳಿಗೆಲ್ಲಾ ಮುತ್ತಾತ ಅಂದ್ಕೊಳ್ಳಿ.

ಇವನ ಆಫೀಸು ದಂಡೆಗೆ ಎದುರಾಗಿತ್ತು. ಕಿಟಕಿ ತೆಗೆದರೆ ಕಸದ ರಾಶಿ. ಆ ಹಳೇ ನಕ್ಷೆಯ ಸಾಲನ್ನು ಹಿಡಿದು 1890ರಲ್ಲಿ ನಗರದ ಮೇಲೇ ಕೇಸು ಹಾಕಿದ. ಒಂದಲ್ಲ, ಎರಡಲ್ಲ, ರಾಜ್ಯದ ಸುಪ್ರೀಂ ಕೋರ್ಟಿಗೆ ನಾಲ್ಕು ಸಲ ಹೋಯಿತು. ಸುಮಾರು ಇಪ್ಪತ್ತು ವರ್ಷ. ದುಡ್ಡು ಕೈಯಿಂದ ಖರ್ಚು. ಪತ್ರಿಕೆಗಳು ಇವನನ್ನು ಅಭಿವೃದ್ಧಿಗೆ ಅಡ್ಡಗಾಲು ಅಂತ ಬೈದವು. ಅದೇ ಪಾರ್ಕಲ್ಲಿ ದೊಡ್ಡ ಮ್ಯೂಸಿಯಂ ಕಟ್ಟಬೇಕು ಅಂತ ಹೊರಟಾಗ ಅದಕ್ಕೂ ಬಿಡಲಿಲ್ಲ. ಕೊನೆಗೆ ಫೀಲ್ಡ್ ಮ್ಯೂಸಿಯಂ ದಕ್ಷಿಣಕ್ಕೆ ಸರಿದು, ಸರೋವರ ತುಂಬಿಸಿ ಮಾಡಿದ ನೆಲದ ಮೇಲೆ 1921ರಲ್ಲಿ ಬಾಗಿಲು ತೆರೆಯಿತು. ಈ ಮ್ಯೂಸಿಯಂ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ವಾರ್ಡ್ ಒಪ್ಪಿಕೊಂಡಿದ್ದು ಒಂದು ಕಟ್ಟಡಕ್ಕೆ, ಈಗಿನ ಆರ್ಟ್ ಇನ್‌ಸ್ಟಿಟ್ಯೂಟ್‌ಗೆ. 1893ರ ಸೆಪ್ಟೆಂಬರ್‌ನಲ್ಲಿ ಸರ್ವಧರ್ಮ ಸಮ್ಮೇಳನ ನಡೆದಿದ್ದು, ಸ್ವಾಮಿ ವಿವೇಕಾನಂದರು ಮಾತಾಡಿದ್ದು ಅದೇ ಕಟ್ಟಡದಲ್ಲಿ. ಶಾಲೆಯಲ್ಲಿ ಪ್ರತಿ ಜನವರಿ 12ಕ್ಕೆ ಆ ಭಾಷಣದ ಕಥೆ ಕೇಳಿದ್ದೀವಿ. ಆಚೆ ಕಡೆ ಬಾಗಿಲ ಹೊರಗೆ ಇಂಥದ್ದೊಂದು ಜಗಳ ನಡೀತಿತ್ತು ಅಂತ ನನಗಂತೂ ಗೊತ್ತಿರಲಿಲ್ಲ.

(5/8)
ಹಾಗಾದರೆ ಮೊದಲ ಫೋಟೋದ ಪೊದೆ? ಅದು ಗ್ರಾಂಟ್ ಪಾರ್ಕಿನದಲ್ಲ. ಅಲ್ಲಿಂದ ಎಂಟೊಂಬತ್ತು ಕಿ.ಮೀ. ಉತ್ತರಕ್ಕಿರೋ ಮಾಂಟ್ರೋಸ್ ಪಾಯಿಂಟ್‌ನದು.

ವಾರ್ಡ್ ಗೆದ್ದ ಹೊತ್ತಿಗೆ, 1909ರಲ್ಲಿ, ಡೇನಿಯಲ್ ಬರ್ನ್‌ಹ್ಯಾಮ್ ಮತ್ತು ಸಂಗಡಿಗರು ಇಡೀ ನಗರಕ್ಕೆ ಒಂದು ಯೋಜನೆ ಬರೆದರು. ದಂಡೆ ಜನರಿಗೆ ಸೇರಿದ್ದು ಅನ್ನೋದು ಅದರ ಬೆನ್ನೆಲುಬು. ಮುಂದಿನ ದಶಕಗಳಲ್ಲಿ ಸರೋವರಕ್ಕೆ ಮಣ್ಣು ತುಂಬಿಸಿ ಪಾರ್ಕುಗಳನ್ನು ಬೆಳೆಸುತ್ತಾ ಹೋದರು. ಮಾಂಟ್ರೋಸ್ ಹಾಗೆ ಹುಟ್ಟಿದ ನೆಲ. 1930ರ ದಶಕದಲ್ಲಿ ಆಲ್ಫ್ರೆಡ್ ಕಾಲ್ಡ್‌ವೆಲ್ ಅದಕ್ಕೆ ಗಿಡಮರಗಳ ವಿನ್ಯಾಸ ಮಾಡಿದ.

ಆಮೇಲೆ ಶೀತಲ ಸಮರ. 1950ರ ದಶಕದಲ್ಲಿ ಸೈನ್ಯ ಬಂದು ಅದೇ ಪಾರ್ಕಲ್ಲಿ ನೈಕ್ ಕ್ಷಿಪಣಿ ನೆಲೆ ಹಾಕಿತು. (ಶೂ ಕಂಪನಿ ಅಲ್ಲ ಮಾರಾಯ್ರೆ, ಕ್ಷಿಪಣಿಯ ಹೆಸರೇ ಅದು.) ಸೈನಿಕರ ವಸತಿ ಹೊರಗಿನವರಿಗೆ ಕಾಣದಿರಲಿ ಅಂತ ಹನಿಸಕಲ್ ಅನ್ನೋ ಪೊದೆಯನ್ನು ಸಾಲಾಗಿ ನೆಟ್ಟರು. 1970ರ ದಶಕದ ಆರಂಭದ ಹೊತ್ತಿಗೆ ಸೈನ್ಯ ಹೋಯಿತು, ಕಟ್ಟಡ ಹೋಯಿತು, ಬೇಲಿ ಮಾತ್ರ ಉಳೀತು. ಸರೋವರದೊಳಕ್ಕೆ ಚಾಚಿಕೊಂಡಿರೋ ಆ ಮೂಲೆಯಲ್ಲಿ, ಸುಸ್ತಾಗಿ ಬರೋ ಹಕ್ಕಿಗೆ ಮೊದಲು ಕಣ್ಣಿಗೆ ಬೀಳೋದು ಅದೇ.

ಹಕ್ಕಿ ನೋಡೋರು ಅದಕ್ಕೆ ಇಟ್ಟ ಹೆಸರು ಮ್ಯಾಜಿಕ್ ಹೆಜ್, ಅಂದರೆ ಮಾಯಾ ಬೇಲಿ. ಈಗ ಅದು ಪಕ್ಷಿಧಾಮ. ಮಾಂಟ್ರೋಸಿನಲ್ಲಿ ಇಲ್ಲಿಯವರೆಗೆ 300ಕ್ಕೂ ಹೆಚ್ಚು ಜಾತಿಯ ಹಕ್ಕಿ ಕಂಡಿದ್ದಾರೆ. ಕ್ಷಿಪಣಿ ಕಾಯೋಕೆ ನೆಟ್ಟ ಬೇಲಿ ಹಕ್ಕಿ ಕಾಯೋಕೆ ನಿಂತಿದೆ.

(6/8)
ಇಲ್ಲಿಗೆ ನಿಲ್ಲಿಸಿದ್ದರೆ ಚೆಂದದ ಕಥೆ. ಆದರೆ ಆರನೇ ಫೋಟೋದಲ್ಲಿ ಒಂದು ಕಪ್ಪು ಗಾಜಿನ ಕಟ್ಟಡ ಇದೆ, ನೀರಿನ ಅಂಚಲ್ಲೇ. ಮೆಕಾರ್ಮಿಕ್ ಪ್ಲೇಸ್, ಸಮ್ಮೇಳನ ಕೇಂದ್ರ. 1960ರಲ್ಲಿ ಬಂತು, 1967ರಲ್ಲಿ ಸುಟ್ಟುಹೋಯಿತು. ದಂಡೆ ಖಾಲಿಯಾಗಿಯೇ ಇರಲಿ ಅನ್ನೋಕೆ ಅದೊಂದು ಅವಕಾಶ ಇತ್ತು. ಮತ್ತೆ ಅದೇ ಜಾಗದಲ್ಲಿ ಕಟ್ಟಿದರು, 1971ರಲ್ಲಿ ತೆರೆದರು. ಹಳೇ ನಕ್ಷೆಯ ಸಾಲಿಗೆ ಆ ಜಾಗ ಸೇರಿರಲಿಲ್ಲ.

ರಾತ್ರಿ ದೀಪ ಹಕ್ಕಿಯನ್ನು ಸೆಳೆಯುತ್ತೆ, ಬೆಳಗ್ಗೆ ಗಾಜು ಮರವನ್ನೂ ಆಕಾಶವನ್ನೂ ತೋರಿಸಿ ಮೋಸ ಮಾಡುತ್ತೆ. ಹಕ್ಕಿ ಬಂದು ಹೊಡೆದುಕೊಳ್ಳುತ್ತೆ.

1978ರಲ್ಲಿ ಫೀಲ್ಡ್ ಮ್ಯೂಸಿಯಂನ ಡೇವಿಡ್ ವಿಲ್ಲರ್ಡ್ ಈ ಸುದ್ದಿ ಕೇಳಿ, ನಿಜವೋ ಅಂತ ನೋಡೋಕೆ ಒಂದು ಬೆಳಗ್ಗೆ ಅಲ್ಲಿಗೆ ಹೋದರು. ಸತ್ತ ಹಕ್ಕಿ ಸಿಕ್ಕವು. ಮತ್ತೆಯೂ ಹೋದರು. ಆಮೇಲೆ ವಸಂತ, ಶರತ್ಕಾಲ ಅಂತ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಮತ್ತು ಜೊತೆಯವರು ಆ ಹಕ್ಕಿಗಳನ್ನು ಆಯ್ದರು. ಪ್ರತಿಯೊಂದರ ತೂಕ, ರೆಕ್ಕೆ, ಕಾಲಿನ ಅಳತೆ ತೆಗೆದು ಕೈಬರಹದಲ್ಲಿ ಲೆಡ್ಜರ್‌ಗೆ ಬರೆದರು.

ಲೆಡ್ಜರ್ ಅಂದರೆ ನಮಗೆ ಗೊತ್ತು. ಡೆಬಿಟ್ಟು, ಕ್ರೆಡಿಟ್ಟು, ಕೊನೆಗೆ ಬ್ಯಾಲೆನ್ಸು. ಈ ಲೆಡ್ಜರಲ್ಲಿ ಬರೀ ಡೆಬಿಟ್. ಆದರೂ ಆ ಮನುಷ್ಯ ಒಂದು ಎಂಟ್ರಿಯನ್ನೂ ಬಿಡಲಿಲ್ಲ.

ಆ ಪುಸ್ತಕಗಳಿಂದ ಬಂದ ಫಲ ನೋಡಿ. ಶಿಕಾಗೊದಲ್ಲಿ ಹಾಗೆ ಸಿಕ್ಕ 52 ಜಾತಿಯ 70,716 ಹಕ್ಕಿಗಳ ಅಳತೆ ಇಟ್ಟುಕೊಂಡು 2019ರಲ್ಲಿ ಒಂದು ಅಧ್ಯಯನ ಬಂತು. ಭೂಮಿ ಬಿಸಿಯಾದಂತೆ ಹಕ್ಕಿಗಳ ಮೈ ಚಿಕ್ಕದಾಗ್ತಿದೆ, ರೆಕ್ಕೆ ಮಾತ್ರ ಸ್ವಲ್ಪ ಉದ್ದವಾಗ್ತಿದೆ ಅಂತ ತೋರಿಸಿತು. 2021ರ ಇನ್ನೊಂದು ಅಧ್ಯಯನ, ಈ ಕಟ್ಟಡದ ಕಿಟಕಿ ದೀಪಗಳನ್ನು ಕನಿಷ್ಠಕ್ಕೆ ಇಳಿಸಿದರೆ ಸಾವು ಸುಮಾರು ಶೇ 60ರಷ್ಟು ತಗ್ಗಬಹುದು ಅಂತ ಲೆಕ್ಕ ಕೊಟ್ಟಿತು.

(7/8)
2023ರ ಅಕ್ಟೋಬರ್ 5. ಇದು ವಸಂತ ಅಲ್ಲ, ದಕ್ಷಿಣಕ್ಕೆ ವಾಪಸ್ ಹೋಗೋ ಕಾಲ. ಒಂದೇ ಬೆಳಗ್ಗೆ ಆ ಒಂದೇ ಕಟ್ಟಡದ ಸುತ್ತ ಸುಮಾರು ಒಂದು ಸಾವಿರ ಹಕ್ಕಿ ಸತ್ತು ಬಿದ್ದಿದ್ದವು. ಸಾಲಾಗಿ ಮಲಗಿಸಿದ ಫೋಟೋ ಆಗ ಎಲ್ಲಾ ಕಡೆ ಓಡಾಡಿತ್ತು. ನಾನು ಇಲ್ಲಿ ಹಾಕಿಲ್ಲ. ಹಾಕೋಕೆ ಮನಸ್ಸು ಬರಲಿಲ್ಲ.

ಮುಂದಿನ ವರ್ಷ, 2024ರ ಬೇಸಿಗೆಯಲ್ಲಿ, ಗಾಜಿನ ಮೇಲೆಲ್ಲಾ ಸಣ್ಣ ಸಣ್ಣ ಚುಕ್ಕಿಗಳ ಪದರ ಅಂಟಿಸಿದರು. ಖರ್ಚು ಸುಮಾರು 12 ಲಕ್ಷ ಡಾಲರ್. ರಂಗೋಲಿ ಚುಕ್ಕಿ ಇಟ್ಟ ಹಾಗೆ, ಅಷ್ಟೇ ಸರಳ. ಅದರಿಂದ ಹಕ್ಕಿಗೆ ಅಲ್ಲೊಂದು ಗೋಡೆ ಇದೆ ಅಂತ ಗೊತ್ತಾಗುತ್ತೆ. ಆ ವರ್ಷದ ಶರತ್ಕಾಲದಲ್ಲಿ ಸಾವು ಹಿಂದಿಗಿಂತ ಸುಮಾರು ಶೇ 95ರಷ್ಟು ಇಳಿಯಿತು.

ಚುಕ್ಕಿ ಅಂಟಿಸೋ ಉಪಾಯಕ್ಕೆ ನಲವತ್ತು ವರ್ಷ ಬೇಕಿತ್ತಾ ಅಂತ ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಆದರೆ ಲೆಡ್ಜರ್ ಇಲ್ಲದಿದ್ದರೆ ಆ ಬೆಳಗ್ಗೆಯನ್ನು ಹೋಲಿಸೋಕೆ ಏನೂ ಇರುತ್ತಿರಲಿಲ್ಲ. "ಯಾವಾಗಲೋ ಒಂದ್ಸಲ ಹೀಗಾಗುತ್ತೆ ಬಿಡಿ" ಅಂದುಬಿಡಬಹುದಿತ್ತು. ಬರೆದಿಟ್ಟಿದ್ದರಿಂದ ಹಾಗನ್ನೋಕೆ ಯಾರಿಗೂ ಆಗಲಿಲ್ಲ.

(8/8)
ಕೊನೇ ಫೋಟೋ ನನ್ನದೇ. ತುಮಕೂರು ಕಡೆಯ ನಮ್ಮಪ್ಪನ ಊರಿನ ಕೆರೆ.

ನಾನು ಕಾಲೇಜಿಗೆ ದಿನಾ ಮೆಜೆಸ್ಟಿಕ್‌ನಲ್ಲಿ ಬಸ್ ಬದಲಾಯಿಸ್ತೀನಿ. ಆ ಬಸ್ ಸ್ಟ್ಯಾಂಡ್ ಇರೋದು ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ. ಕಂಠೀರವ ಸ್ಟೇಡಿಯಂ ಇರೋದು ಸಂಪಂಗಿ ಕೆರೆಯಲ್ಲಿ. ನಮ್ಮಲ್ಲೂ ಚಳಿಗಾಲದ ಅತಿಥಿಗಳಿಗೇನೂ ಕಮ್ಮಿ ಇಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು, ಬೇಸಿಗೆ ಶುರುವಾಗೋ ಹೊತ್ತಿಗೆ ಹೊರಟುಹೋಗ್ತವೆ. ನಾನು ಚಿಕ್ಕವಳಿದ್ದಾಗ ನಮ್ಮೂರ ಕೆರೆಗೂ ಬಾತುಗಳ ಹಿಂಡು ಬರ್ತಿತ್ತು. ಅಜ್ಜಿ ಏರಿ ಮೇಲೆ ನಿಲ್ಲಿಸಿ ತೋರಿಸೋರು.

ಹೋದ ಯುಗಾದಿಗೆ ಹೋದಾಗ ಕೆರೆ ಅಂಗಳದ ಒಂದು ಮೂಲೆಯಲ್ಲಿ ಮಣ್ಣು ತುಂಬಿ, ಸೈಟು ಕಲ್ಲು ನೆಟ್ಟಿದ್ದರು. ಅಪ್ಪ ನೋಡಿದರು, ನಾನೂ ನೋಡಿದೆ. ಇಬ್ಬರೂ ಏನೂ ಮಾತಾಡದೆ ಒಬ್ಬಟ್ಟು ತಿನ್ನೋಕೆ ಮನೆಗೆ ಬಂದೆವು. ಈ ಸರಣಿ ಬರೀತಾ ಬರೀತಾ ಆ ದಿನದ ಮೌನ ಪದೇ ಪದೇ ನೆನಪಾಯ್ತು. ಶಿಕಾಗೊದ ಇತಿಹಾಸ ನಿಮಗೆ ಎಂಟು ಭಾಗ ಹೇಳಿ, ನಮ್ಮೂರ ಕೆರೆ ಬಗ್ಗೆ ಬಾಯಿ ಮುಚ್ಚಿಕೊಂಡಿರೋಕೆ ನಾಚಿಕೆ ಆಯ್ತು.

ಪ್ರತಿ ಊರಿಗೂ ಒಂದು ಗ್ರಾಮ ನಕ್ಷೆ ಇರುತ್ತೆ. ಕೆರೆ ಎಲ್ಲಿಂದ ಎಲ್ಲಿವರೆಗೆ, ಸರ್ವೆ ನಂಬರ್ ಏನು, ಎಲ್ಲಾ ಅದರಲ್ಲಿ ಗುರುತಾಗಿರುತ್ತೆ. ನಮ್ಮ ಸಾಲು ಅದೇ. ಮುಂದಿನ ಶನಿವಾರ ಅಪ್ಪನ ಜೊತೆ ತಾಲ್ಲೂಕು ಕಚೇರಿಗೆ ಹೋಗಿ ಅದರ ನಕಲು ಕೇಳ್ತೀವಿ. ಸಿಕ್ಕರೆ ಇಲ್ಲೇ ಹಾಕ್ತೀನಿ, ಸಿಗದಿದ್ದರೆ ಅದನ್ನೂ ಹಾಕ್ತೀನಿ. ನಾನು ವಾರ್ಡ್ ಅಲ್ಲ, ಇಪ್ಪತ್ತು ವರ್ಷ ಕೇಸು ನಡೆಸೋ ದುಡ್ಡು ನಮ್ಮತ್ರ ಇಲ್ಲ. ಆದರೆ ಲೆಡ್ಜರ್ ಬರೆಯೋದು ಬರುತ್ತೆ. ಅಜ್ಜಿ ಹೇಳಿದ ಬಾತುಗಳಿಂದ ಶುರು ಮಾಡಿ ಒಂದು ನೋಟ್‌ಬುಕ್ ಇಟ್ಟಿದ್ದೀನಿ.

ನಿಮ್ಮೂರ ಕೆರೆ ಹೆಸರೇನು? ಕೊನೇ ಸಲ ಅಲ್ಲಿ ಯಾವ ಹಕ್ಕಿ ನೋಡಿದ್ರಿ? ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಬಣ್ಣ ಹೇಳಿ, ತಿಂಗಳು ಹೇಳಿ. ಕೆಳಗೆ ಬರೀರಿ, ನೋಟ್‌ಬುಕ್ಕಲ್ಲಿ ನಿಮ್ಮ ಊರಿಗೂ ಒಂದು ಪುಟ ಬಿಡ್ತೀನಿ.

#ಇತಿಹಾಸಸರಣಿ #ಹಕ್ಕಿನೋಟ #ನಮ್ಮೂರಕೆರೆ