ರೇಡಿಯೋ ಕಾರಿಗೊಂದು ಟ್ರ್ಯಾಕ್

ರೇಡಿಯೋ ನಿಯಂತ್ರಿತ ಕಾರುಗಳ ಓಟಕ್ಕೆ ಒಂದು ಟ್ರ್ಯಾಕ್ ಮಾಡಬೇಕೆಂದಾಗ ಯಾರಿಗಾದರೂ ಮೊದಲು ಹೊಳೆಯುವ ಉಪಾಯ ಒಂದೇ. ನಿಜವಾದ ಸರ್ಕ್ಯೂಟಿನ ನಕ್ಷೆಯನ್ನು ತೆಗೆದುಕೊಳ್ಳುವುದು. ಕಾರು ಹತ್ತನೇ ಒಂದರಷ್ಟಿದ್ದರೆ ನಕ್ಷೆಯನ್ನೂ ಹತ್ತನೇ ಒಂದಕ್ಕೆ ಕುಗ್ಗಿಸುವುದು. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ 1990ರಲ್ಲಿ ಆರಂಭವಾದ ಸರ್ಕ್ಯೂಟಿನ ಒಂದು ಸುತ್ತು ಸುಮಾರು 3.7 ಕಿ.ಮೀ. ಕುಗ್ಗಿಸಿದರೆ 370 ಮೀಟರ್. ಅಂತಾರಾಷ್ಟ್ರೀಯ ಸರ್ಕ್ಯೂಟುಗಳಿಗೆ ಬೇಕಾದ 12 ಮೀಟರ್ ಅಗಲದ ದಾರಿ 1.2 ಮೀಟರ್ ಆಗುತ್ತದೆ. ಕಾಗದದ ಮೇಲೆ ಲೆಕ್ಕ ಸರಿಯಾಗಿದೆ. ಆದರೆ ನೆಲದ ಮೇಲೆ ಈ ಟ್ರ್ಯಾಕಿನಲ್ಲಿ ಎರಡು ಕಾರುಗಳನ್ನು ಒಂದು ಸುತ್ತು ಓಡಿಸುವುದೂ ಕಷ್ಟ. ಜಗತ್ತಿನಲ್ಲೆಲ್ಲ ಇಂಥ ಟ್ರ್ಯಾಕುಗಳ ದಾರಿ 3ರಿಂದ 5 ಮೀಟರಿನಷ್ಟು ಅಗಲವಾಗಿರುತ್ತದೆ. ಕಾರು ಹತ್ತು ಪಟ್ಟು ಕುಗ್ಗಿದರೂ ದಾರಿ ಅಷ್ಟು ಕುಗ್ಗಲಿಲ್ಲವೇಕೆ? ಈ ಟ್ರ್ಯಾಕುಗಳ ಚರಿತ್ರೆಯಲ್ಲಿ ಇದಕ್ಕೆ ಉತ್ತರವಿದೆ.

ದೂರದಿಂದ ರೇಡಿಯೋ ಮೂಲಕ ವಾಹನವೊಂದನ್ನು ನಡೆಸಬಹುದೆಂದು ನಿಕೋಲ ಟೆಸ್ಲಾ 1898ರಲ್ಲೇ ತೋರಿಸಿದ್ದ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನೀರು ತುಂಬಿದ ತೊಟ್ಟಿಯೊಂದರಲ್ಲಿ ಪುಟ್ಟ ದೋಣಿಯನ್ನು ತಂತಿಯ ಹಂಗಿಲ್ಲದೆ ತಿರುಗಿಸಿ ನೋಡುಗರನ್ನು ಬೆರಗುಗೊಳಿಸಿದ. ಆದರೆ ಆಟದ ಕಾರಿನೊಳಗೆ ಹಿಡಿಸುವಷ್ಟು ಚಿಕ್ಕ ಗ್ರಾಹಕ (ರಿಸೀವರ್) ಬೇಕಾದರೆ ಟ್ರಾನ್ಸಿಸ್ಟರ್ ಬರುವವರೆಗೆ ಕಾಯಬೇಕಾಯಿತು. ಇನ್ನೊಂದು ಅಡಚಣೆಯೂ ಇತ್ತು. ಹಳೆಯ ಉಪಕರಣಗಳಲ್ಲಿ ಚಕ್ರ ಪೂರ್ತಿ ಎಡಕ್ಕೋ ಪೂರ್ತಿ ಬಲಕ್ಕೋ ತಿರುಗುತ್ತಿತ್ತು. ಕೈ ಎಷ್ಟು ತಿರುಗಿತೋ ಚಕ್ರವೂ ಅಷ್ಟೇ ತಿರುಗುವ ವ್ಯವಸ್ಥೆ 1960ರ ದಶಕದಲ್ಲಿ ಬಳಕೆಗೆ ಬಂತು. ಪ್ರೇಷಕ (ಟ್ರಾನ್ಸ್‌ಮಿಟರ್) ಸೆಕೆಂಡಿಗೆ ಸುಮಾರು 50 ಬಾರಿ ಒಂದು ಮಿಡಿತವನ್ನು ಕಳಿಸುತ್ತದೆ. ಆ ಮಿಡಿತ 1.5 ಮಿಲಿಸೆಕೆಂಡ್ ಇದ್ದರೆ ಚಕ್ರ ನೇರ. 1 ಮಿಲಿಸೆಕೆಂಡಿಗೆ ಇಳಿದರೆ ಒಂದು ಕಡೆ, 2ಕ್ಕೆ ಏರಿದರೆ ಇನ್ನೊಂದು ಕಡೆ. ಇಂದು ವಿದ್ಯಾರ್ಥಿಗಳು ರೋಬಾಟ್‌ಗಳಿಗೆ ಜೋಡಿಸುವ ಸರ್ವೋ ಮೋಟಾರಿನಲ್ಲೂ ಇದೇ ಪದ್ಧತಿ ಉಳಿದಿದೆ.

ಅಂಗಡಿಯಲ್ಲಿ ಕೊಳ್ಳಬಹುದಾದ ಮೊದಲ ರೇಡಿಯೋ ಕಾರು ಇಟಲಿಯದೆಂದು ಹೇಳುತ್ತಾರೆ. ರೆಜ್ಜೋ ಎಮಿಲಿಯಾ ಪಟ್ಟಣದ ಎಲ್-ಜಿ ಎಂಬ ಸಂಸ್ಥೆ 1966ರಲ್ಲಿ ಫೆರಾರಿ 250 ಎಲ್‌ಎಂ ಕಾರಿನ 1:12 ಪ್ರಮಾಣದ ಮಾದರಿಯನ್ನು ಮಾರಾಟಕ್ಕಿಟ್ಟಿತು. ಅದೇ ವೇಳೆಗೆ ಅಮೆರಿಕದಲ್ಲಿ ಸ್ಲಾಟ್ ಕಾರುಗಳ ಹುಚ್ಚು ಇಳಿಯತೊಡಗಿತ್ತು. ಸ್ಲಾಟ್ ಕಾರಿನ ಟ್ರ್ಯಾಕಿನಲ್ಲಿ ಸೀಳುಗಾಡಿ ಇರುತ್ತದೆ. ಕಾರಿನ ಕೆಳಗಿನ ಗೂಟ ಅದರೊಳಗೆ ಜಾರುತ್ತ ಹೋಗುತ್ತದೆ. ಚಾಲಕನ ಕೈಯಲ್ಲಿರುವುದು ವೇಗ ಮಾತ್ರ. ಗಿರಾಕಿಗಳು ಕಡಿಮೆಯಾದಾಗ ಅಸೋಸಿಯೇಟೆಡ್, ಥಾರ್ಪ್ ಮೊದಲಾದ ಸ್ಲಾಟ್ ಕಾರಿನ ಕಂಪನಿಗಳು ಎಂಜಿನ್ ಇರುವ 1:8 ಪ್ರಮಾಣದ ರೇಡಿಯೋ ಕಾರುಗಳತ್ತ ತಿರುಗಿದವು. ಸೀಳುಗಾಡಿ ಹೋಯಿತು, ಚಕ್ರ ತಿರುಗಿಸುವ ಹೊಣೆ ಮನುಷ್ಯನ ಮೇಲೆ ಬಿತ್ತು. ದಾರಿಯ ಅಗಲದ ಪ್ರಶ್ನೆ ಹುಟ್ಟಿದ್ದು ಇಲ್ಲಿ.

ಈ ಓಟಗಳಿಗೆ ನಿಯಮಗಳನ್ನು ರೂಪಿಸಲು ಅಮೆರಿಕದಲ್ಲಿ ರೋರ್ ಎಂಬ ಸಂಘ 1967ರಲ್ಲಿ ಹುಟ್ಟಿತು. ಸಂಘವಿತ್ತು, ಟ್ರ್ಯಾಕ್ ಇರಲಿಲ್ಲ. ರಜಾದಿನ ಖಾಲಿ ಬಿದ್ದಿರುತ್ತಿದ್ದ ಅಂಗಡಿಗಳ ಪಾರ್ಕಿಂಗ್ ಜಾಗವೇ ಗತಿ. ಬೆಳಿಗ್ಗೆ ಗುಡಿಸಿ, ಗೆರೆ ಎಳೆದು, ಅಗ್ನಿಶಾಮಕ ದಳದವರು ಬಳಸಿ ಬಿಟ್ಟ ಹಳೆಯ ಕ್ಯಾನ್ವಾಸ್ ಕೊಳವೆಗಳನ್ನು ಅಂಚಿಗೆ ಹಾಸಿ ಟ್ರ್ಯಾಕ್ ಮಾಡುತ್ತಿದ್ದರು. ಸಂಜೆ ಸುರುಳಿ ಸುತ್ತಿ ಒಯ್ಯುತ್ತಿದ್ದರು. ಈ ಕೊಳವೆ ಬಲು ಒಳ್ಳೆಯ ಆಯ್ಕೆ. ಕಾರು ಬಂದು ಬಡಿದರೆ ತುಸು ಜರುಗಿ ಪೆಟ್ಟನ್ನು ನುಂಗುತ್ತದೆ. ಚರಂಡಿಯಂತೆ ಚಕ್ರವನ್ನು ಹಿಡಿದುಕೊಳ್ಳುವುದಿಲ್ಲ, ಇಟ್ಟಿಗೆಯಂತೆ ಮುರಿಯುವುದೂ ಇಲ್ಲ.

ಪೆಟ್ಟಿನ ಮಾತು ಬಂದದ್ದರಿಂದ ಒಂದು ಲೆಕ್ಕ ನೋಡೋಣ. 1,200 ಕಿಲೋ ತೂಕದ ಕಾರನ್ನು ಎಲ್ಲ ದಿಕ್ಕಿಗೂ ಹತ್ತು ಪಟ್ಟು ಕುಗ್ಗಿಸಿದರೆ ತೂಕ ಸಾವಿರ ಪಟ್ಟು ಇಳಿದು 1.2 ಕಿಲೋ ಆಗಬೇಕು. 1:10 ಪ್ರಮಾಣದ ಓಟದ ಕಾರು ನಿಜಕ್ಕೂ ಒಂದೂವರೆ ಕಿಲೋದ ಆಸುಪಾಸಿನಲ್ಲಿರುತ್ತದೆ. ಅದು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ ಚಲನಶಕ್ತಿ ಸುಮಾರು 210 ಜೂಲ್. ವೇಗದ ಬೌಲರ್ 140 ಕಿ.ಮೀ. ವೇಗದಲ್ಲಿ ಎಸೆದ ಕ್ರಿಕೆಟ್ ಚೆಂಡಿನ ಚಲನಶಕ್ತಿ ಸುಮಾರು 120 ಜೂಲ್. ಆಟಿಕೆ ಎಂದು ಇದರ ಮುಂದೆ ಕಾಲು ಚಾಚಿ ಕುಳಿತುಕೊಳ್ಳುವಂತಿಲ್ಲ.

ಆ ದಿನಗಳಲ್ಲಿ ಒಂದು ಓಟದಲ್ಲಿ ಎಷ್ಟು ಕಾರುಗಳಿರಬೇಕು ಎಂಬುದನ್ನು ತೀರ್ಮಾನಿಸುತ್ತಿದ್ದದ್ದು ಟ್ರ್ಯಾಕ್ ಅಲ್ಲ, ಆವೃತ್ತಿ. ಜಾತ್ರೆಯಲ್ಲಿ ಕೊಂಡ ಎರಡು ಆಟಿಕೆ ಕಾರುಗಳು ಒಂದೇ ರಿಮೋಟಿಗೆ ಕುಣಿಯುವುದನ್ನು ನೀವು ನೋಡಿರಬಹುದು. 27 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಆಟಕ್ಕೆಂದು ಬಳಕೆಯಲ್ಲಿದ್ದದ್ದು ಆರು ಆವೃತ್ತಿಗಳು, 26.995ರಿಂದ 27.255ರವರೆಗೆ. ಪ್ರತಿಯೊಂದಕ್ಕೂ ಒಂದು ಜೊತೆ ಸ್ಫಟಿಕ (ಕ್ರಿಸ್ಟಲ್), ಒಂದು ಬಣ್ಣದ ಪಟ್ಟಿ: ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ. ರೋಧಕಗಳ (ರೆಸಿಸ್ಟರ್) ಬಣ್ಣದ ಸಂಕೇತ ಕಲಿತವರಿಗೆ ಇದು ಒಂದರಿಂದ ಆರರವರೆಗಿನ ಎಣಿಕೆ ಎಂದು ತಕ್ಷಣ ತಿಳಿಯುತ್ತದೆ. ಟ್ರ್ಯಾಕಿನ ಪಕ್ಕದ ಹಲಗೆಯ ಮೇಲೆ ಆಯಾ ಬಣ್ಣದ ಕ್ಲಿಪ್ಪುಗಳನ್ನು ಸಿಕ್ಕಿಸಿರುತ್ತಿದ್ದರು. ನಿಮ್ಮ ಬಣ್ಣದ ಕ್ಲಿಪ್ಪು ಹಲಗೆಯ ಮೇಲಿದ್ದರೆ ಅದನ್ನು ಎತ್ತಿಕೊಂಡು ಪ್ರೇಷಕವನ್ನು ಚಾಲೂ ಮಾಡಬಹುದು; ಇಲ್ಲದಿದ್ದರೆ ಬೇರೊಬ್ಬರು ಓಡಿಸುತ್ತಿದ್ದಾರೆ ಎಂದು ಅರ್ಥ. ಮರೆತು ಗುಂಡಿ ಒತ್ತಿದರೆ ಇನ್ನೊಬ್ಬರ ಕಾರು ಹುಚ್ಚೆದ್ದು ಹೋಗಿ ಗೋಡೆಗೆ ಬಡಿಯುತ್ತಿತ್ತು. ಬೇರೆ ಪಟ್ಟಿಗಳು ಸೇರಿದ ಮೇಲೆ ಬಿಗಿ ಸ್ವಲ್ಪ ಸಡಿಲವಾಯಿತು. ಆದರೆ ಓಟಗಾರರನ್ನು ಸಣ್ಣ ಸಣ್ಣ ತಂಡಗಳಾಗಿ ಒಡೆಯುವ ಪದ್ಧತಿ ಉಳಿಯಿತು.

ಮೊದಲ ವಿಶ್ವ ಚಾಂಪಿಯನ್‌ಶಿಪ್ 1977ರಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ನಡೆಯಿತು, 1:8 ಕಾರುಗಳಿಗೆ. ಇಷ್ಟರಲ್ಲಿ ದಾರಿಯ ಅಗಲದ ಪ್ರಶ್ನೆಗೆ ಪಾರ್ಕಿಂಗ್ ಜಾಗಗಳಲ್ಲಿ ಬಿದ್ದು ಎದ್ದವರು ಅನುಭವದಿಂದಲೇ ಉತ್ತರ ಕಂಡುಕೊಂಡಿದ್ದರು. ಅದರ ಹಿಂದಿನ ಭೌತವಿಜ್ಞಾನವನ್ನು ಪ್ರೌಢಶಾಲೆಯ ಗಣಿತದಲ್ಲೇ ಬಿಡಿಸಬಹುದು.

ಮೊದಲನೆಯದು, ಕಾರು ಕುಗ್ಗಿದರೂ ಗುರುತ್ವ ಕುಗ್ಗುವುದಿಲ್ಲ. ತಿರುವಿನಲ್ಲಿ ಕಾರು ಜಾರದೆ ಹೋಗಬಹುದಾದ ಗರಿಷ್ಠ ವೇಗದ ವರ್ಗ, ಘರ್ಷಣೆ ಗುಣಾಂಕ, ಗುರುತ್ವ ಮತ್ತು ತಿರುವಿನ ತ್ರಿಜ್ಯ ಇವುಗಳ ಗುಣಲಬ್ಧ. ಗುಣಾಂಕ 1 ಎಂದುಕೊಳ್ಳಿ. 15 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 44 ಕಿ.ಮೀ. ವೇಗ ಸಾಧ್ಯ. ಅದನ್ನು ಒಂದೂವರೆ ಮೀಟರಿಗೆ ಕುಗ್ಗಿಸಿದರೆ 14 ಕಿ.ಮೀ. ಮಾತ್ರ. ತ್ರಿಜ್ಯ ಹತ್ತು ಪಟ್ಟು ಇಳಿದರೆ ವೇಗ ಇಳಿಯುವುದು ಹತ್ತರ ವರ್ಗಮೂಲದಷ್ಟು, ಅಂದರೆ ಸುಮಾರು 3.2 ಪಟ್ಟು. ಆಟಿಕೆ ಕಾರಿನ ಪೆಟ್ಟಿಗೆಯ ಮೇಲೆ 60 ಕಿ.ಮೀ. ವೇಗವನ್ನು ಹತ್ತರಿಂದ ಗುಣಿಸಿ ‘ನಿಜ ಕಾರಿನ 600 ಕಿ.ಮೀ.ಗೆ ಸಮ’ ಎಂದು ಜಂಬ ಕೊಚ್ಚಿದ್ದರೆ ನಂಬಬೇಡಿ. ಈ ಲೆಕ್ಕದ ಪ್ರಕಾರ ಅದು 190ಕ್ಕೆ ಸಮ. ಅದೇನೂ ಕಡಿಮೆಯಲ್ಲ.

ಎರಡನೆಯದು, ಚಾಲಕನೂ ಕುಗ್ಗುವುದಿಲ್ಲ. ಕಣ್ಣು ಕಂಡದ್ದಕ್ಕೆ ಕೈ ಪ್ರತಿಕ್ರಿಯಿಸಲು ಸುಮಾರು 0.2 ಸೆಕೆಂಡ್ ಬೇಕು. 60 ಕಿ.ಮೀ. ವೇಗದ ಕಾರು ಅಷ್ಟರಲ್ಲಿ 3.3 ಮೀಟರ್ ಓಡಿರುತ್ತದೆ. ನಿಜ ಕಾರಿಗೆ ಇದು ತನ್ನ ಒಂದು ಉದ್ದಕ್ಕಿಂತ ಕಡಿಮೆ. ಪುಟ್ಟ ಕಾರಿಗೆ ಏಳೆಂಟು ಉದ್ದ. ಸಾಲದ್ದಕ್ಕೆ ಕಾರು ಚಾಲಕನ ಕಡೆಗೆ ಬರುವಾಗ ಎಡ-ಬಲ ಅದಲುಬದಲಾಗುತ್ತವೆ. 1.2 ಮೀಟರ್ ದಾರಿ ಏಕೆ ಸಾಲದು ಎಂದು ಇನ್ನು ವಿವರಿಸಬೇಕಿಲ್ಲ.

ಮೂರನೆಯದೇ ನನಗೆ ಹೆಚ್ಚು ಸ್ವಾರಸ್ಯವೆನಿಸಿದ್ದು. ರೇಡಿಯೋ ಅಲೆ ನೂರಾರು ಮೀಟರ್ ಹೋಗಬಲ್ಲದು, ಆದರೆ ಟ್ರ್ಯಾಕ್ ಅಷ್ಟು ದೂರ ಹಬ್ಬಲಾರದು. ಅದರ ಗಡಿಯನ್ನು ಹಾಕುವುದು ಕಣ್ಣು. 20 ಸೆಂ.ಮೀ. ಅಗಲದ ಕಾರು 23 ಮೀಟರ್ ದೂರದಲ್ಲಿ ಹುಣ್ಣಿಮೆಯ ಚಂದ್ರನಷ್ಟೇ ಅಗಲವಾಗಿ, ಅಂದರೆ ಅರ್ಧ ಡಿಗ್ರಿಯಷ್ಟು ಕಾಣುತ್ತದೆ. 46 ಮೀಟರಿನಲ್ಲಿ ಅರ್ಧ ಚಂದ್ರನಷ್ಟು. ಅದು ಯಾವ ಕಡೆ ಮುಖ ಮಾಡಿದೆ ಎಂದು ಕಣ್ಣು ಮಿಟುಕಿಸುವುದರೊಳಗೆ ಹೇಳಬೇಕು! ಇನ್ನು ದಾರಿಯ ಅಗಲ ಕಾಣುವುದು ಚಾಲಕ ಎಷ್ಟು ಎತ್ತರದಲ್ಲಿ ನಿಂತಿದ್ದಾನೆ ಎಂಬುದರ ಮೇಲೆ. ನೆಲದ ಮೇಲೆ ನಿಂತಿದ್ದರೆ ಕಣ್ಣು 1.6 ಮೀಟರ್ ಎತ್ತರದಲ್ಲಿರುತ್ತದೆ. 30 ಮೀಟರ್ ಆಚೆಯ 4 ಮೀಟರ್ ಅಗಲದ ದಾರಿ 0.4 ಡಿಗ್ರಿಯ ತೆಳು ಪಟ್ಟಿಯಾಗಿ ಕಾಣುತ್ತದೆ. ಎರಡೂವರೆ ಮೀಟರ್ ಎತ್ತರದ ಅಟ್ಟಣಿಗೆ ಹತ್ತಿದರೆ ಅದೇ ದಾರಿ 1 ಡಿಗ್ರಿಯಷ್ಟು ತೆರೆದುಕೊಳ್ಳುತ್ತದೆ. ಹೊಲ ಕಾಯುವವರು ಅಟ್ಟಣಿಗೆ ಕಟ್ಟಿಕೊಳ್ಳುವುದು ಇದಕ್ಕಾಗಿಯೇ ಅಲ್ಲವೇ? ಶಾಶ್ವತ ಟ್ರ್ಯಾಕುಗಳಲ್ಲೆಲ್ಲ ಚಾಲಕರು ಸಾಲಾಗಿ ನಿಲ್ಲುವ ಅಟ್ಟಣಿಗೆಯೇ ಮೊದಲು ಕಣ್ಣಿಗೆ ಬೀಳುತ್ತದೆ. ಅದರ ಸ್ಥಾನ ಗೊತ್ತಾದ ಮೇಲೆಯೇ ದಾರಿಯನ್ನು ಬಿಡಿಸುವುದು ಜಾಣತನ.

ಜಪಾನಿನ ತಮಿಯಾ ಕಂಪನಿ 1976ರಲ್ಲಿ ವಿದ್ಯುತ್ ಮೋಟಾರಿನ ಪೋರ್ಷೆ 934 ಮಾದರಿಯನ್ನು ಬಿಡುಗಡೆ ಮಾಡಿದಾಗ ಈ ಹವ್ಯಾಸ ಸಾಮಾನ್ಯರ ಮನೆಗೂ ಬಂತು. 1979ರಲ್ಲಿ ಅದೇ ಕಂಪನಿಯ ಸ್ಯಾಂಡ್ ಸ್ಕಾರ್ಚರ್ ಮತ್ತು ರಫ್ ರೈಡರ್ ಕಾರುಗಳು ಡಾಂಬರನ್ನು ಬಿಟ್ಟು ಮಣ್ಣಿಗಿಳಿದವು. 1984ರಲ್ಲಿ ಅಸೋಸಿಯೇಟೆಡ್ ಕಂಪನಿಯ ಆರ್‌ಸಿ10 ಬಂತು. ಮರುವರ್ಷವೇ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ 1:10 ಮಣ್ಣಿನ ಕಾರುಗಳ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಮಣ್ಣು ಅಗ್ಗ, ಆದರೆ ದಿನವೂ ಆರೈಕೆ ಬೇಡುತ್ತದೆ. ಒಣಗಿದರೆ ಧೂಳು, ಹೆಚ್ಚು ನೆನೆದರೆ ಕೆಸರು. ಹೀಗಾಗಿ ಜೇಡಿ ಬೆರೆತ ಮಣ್ಣನ್ನು ಹದವಾಗಿ ನೆನೆಸಿ, ಬಡಿದು, ಓಟಗಳ ನಡುವೆ ನೀರು ಚಿಮುಕಿಸುವ ಪದ್ಧತಿ ಬೆಳೆಯಿತು. ನಮ್ಮ ರೈತರು ಸುಗ್ಗಿಗೆ ಮುಂಚೆ ಕಣ ಮಾಡುವಾಗ ಬಳಸುವ ಜಾಣ್ಮೆಯೂ ಇದೇ. ಕೆಲವು ಕಡೆ ಮಣ್ಣಿಗೆ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸುತ್ತಾರೆ. ಅದು ಗಾಳಿಯ ತೇವವನ್ನು ಹೀರಿ ನೆಲವನ್ನು ಹಸಿಯಾಗಿಡುತ್ತದೆ. ಅಮೆರಿಕದ ಡಾಂಬರು ಟ್ರ್ಯಾಕುಗಳಲ್ಲಿ ಟೈರಿನ ಹಿಡಿತಕ್ಕೆಂದು ಸಕ್ಕರೆ ನೀರು ಚಿಮುಕಿಸುವುದುಂಟು. ನಮ್ಮಲ್ಲಾದರೆ ಇರುವೆಗಳ ಯೋಚನೆ ಮೊದಲು ಬರುತ್ತದೆ.

ಸುತ್ತುಗಳ ಎಣಿಕೆ ದೊಡ್ಡ ತಲೆನೋವಾಗಿತ್ತು. ಒಂದೊಂದು ಕಾರಿಗೆ ಒಬ್ಬೊಬ್ಬರು ಕಾಗದ ಹಿಡಿದು ಗೆರೆ ಹಾಕುತ್ತಿದ್ದರು. ಜಗಳಗಳಿಗೆ ಕೊರತೆಯಿರಲಿಲ್ಲ. 1980ರ ದಶಕದ ಆರಂಭದಲ್ಲಿ ನೆದರ್ಲೆಂಡ್ಸ್‌ನ ಎಎಂಬಿ ಸಂಸ್ಥೆ ಇದಕ್ಕೊಂದು ಪರಿಹಾರ ತಂದಿತು. ದಾರಿಗೆ ಅಡ್ಡಲಾಗಿ ನೆಲದೊಳಗೆ ಒಂದು ತಂತಿಯ ಕುಣಿಕೆ. ಪ್ರತಿ ಕಾರಿನಲ್ಲೂ ತನ್ನದೇ ಗುರುತನ್ನು ಬಿತ್ತರಿಸುವ ಪುಟ್ಟ ಟ್ರಾನ್ಸ್‌ಪಾಂಡರ್. ಕಾರು ಕುಣಿಕೆಯ ಮೇಲೆ ಹಾಯ್ದಾಗ ವಿದ್ಯುತ್ಕಾಂತ ಪ್ರೇರಣೆಯಿಂದ ತಂತಿಯಲ್ಲಿ ಸಂಕೇತ ಮೂಡುತ್ತದೆ. ಫ್ಯಾರಡೆಯ ನಿಯಮವನ್ನು ಪಾಠ ಮಾಡುವವರಿಗೆ ಒಳ್ಳೆಯ ಉದಾಹರಣೆ.

ಆವೃತ್ತಿಯ ಬಿಕ್ಕಟ್ಟು ಬಗೆಹರಿದದ್ದು 21ನೇ ಶತಮಾನದ ಮೊದಲ ದಶಕದಲ್ಲಿ, 2.4 ಗಿಗಾಹರ್ಟ್ಸ್ ಉಪಕರಣಗಳು ಬಂದ ಮೇಲೆ. ಸಂಕೇತವನ್ನು ಒಂದೇ ಆವೃತ್ತಿಯಲ್ಲಿ ಕಟ್ಟಿಹಾಕದೆ ಹರಡುವ ಅಥವಾ ಜಿಗಿಸುವ ಈ ತಂತ್ರದ ಹಿಂದೆ ಹಳೆಯ ಕಥೆಯಿದೆ. ಚಿತ್ರನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ 1942ರಲ್ಲಿ ಆವೃತ್ತಿ ಜಿಗಿತಕ್ಕೆ ಪೇಟೆಂಟ್ ಪಡೆದಿದ್ದರು. ಅವರ ಗುರಿ ರೇಡಿಯೋ ಮೂಲಕ ನಡೆಸುವ ಟಾರ್ಪಿಡೊ. ಶತ್ರು ಅದರ ದಾರಿ ತಪ್ಪಿಸದಂತೆ ನೋಡಿಕೊಳ್ಳುವುದು. ಈಗ ಪ್ರತಿ ಗ್ರಾಹಕವೂ ತನ್ನ ಪ್ರೇಷಕದ ಗುರುತನ್ನು ಮಾತ್ರ ಪಾಲಿಸುತ್ತದೆ, ಬಣ್ಣದ ಕ್ಲಿಪ್ಪು ಬೇಕಿಲ್ಲ. ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕಡಿಮೆ ಸಾಮರ್ಥ್ಯದ ಉಪಕರಣಗಳಿಗೆ 2005ರಲ್ಲಿ ಲೈಸೆನ್ಸಿನಿಂದ ವಿನಾಯಿತಿ ದೊರೆಯಿತು. ಆದರೂ ಒಂದು ಓಟದಲ್ಲಿ ಸಾಮಾನ್ಯವಾಗಿ ಹತ್ತು ಹನ್ನೆರಡಕ್ಕಿಂತ ಹೆಚ್ಚು ಕಾರುಗಳಿರುವುದಿಲ್ಲ. ಅಟ್ಟಣಿಗೆಯ ಮೇಲೆ ಒಟ್ಟಿಗೆ ನಿಲ್ಲಬಲ್ಲವರೂ, ಮಗುಚಿದ ಕಾರುಗಳನ್ನು ಓಡಿಹೋಗಿ ಎತ್ತಿ ನಿಲ್ಲಿಸಬಲ್ಲವರೂ ಅಷ್ಟೇ ಜನ. ಎತ್ತಿ ನಿಲ್ಲಿಸುವ ಕೆಲಸ ಹಿಂದಿನ ಓಟ ಮುಗಿಸಿದವರದು ಎಂಬ ರೂಢಿ ಇಂದಿಗೂ ಇದೆ.

ಟ್ರ್ಯಾಕುಗಳನ್ನು ಮುಚ್ಚಿಸಿದ್ದು ಹೆಚ್ಚಾಗಿ ಎರಡು ಕಾರಣಗಳು: ಎಂಜಿನ್ನಿನ ಸದ್ದಿಗೆ ಬೇಸತ್ತ ನೆರೆಹೊರೆ ಮತ್ತು ಏರಿದ ಜಮೀನಿನ ಬೆಲೆ. ಬ್ಯಾಟರಿ ಕಾರುಗಳು ಮೊದಲನೆಯದನ್ನು ನೀಗಿಸಿವೆ. ಎರಡನೆಯದಕ್ಕೆ ಹಳೆಯ ಪಾರ್ಕಿಂಗ್ ಜಾಗದ ಉಪಾಯವೇ ಮದ್ದು. ಶಾಲೆಯ ಬ್ಯಾಸ್ಕೆಟ್‌ಬಾಲ್ ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ಕಂಬಗಳಿಗೆ ಹಳೆಯ ಟೈರು ಸುತ್ತಿ, ಉದ್ದಕ್ಕೆ 3 ಮೀಟರ್ ಅಗಲದ ನಾಲ್ಕು ಓಣಿಗಳನ್ನು ಮಡಿಸಿ ಜೋಡಿಸಿದರೆ ಸುಮಾರು 100 ಮೀಟರಿನ ಸುತ್ತು ಸಿಗುತ್ತದೆ. ಅಂಚಿಗೆ ಬಳಸಿ ಬಿಟ್ಟ ಹನಿ ನೀರಾವರಿಯ ಪೈಪು ಸಾಕು. ಚಾಲಕರನ್ನು ಉದ್ದನೆಯ ಬದಿಯ ನಡುವೆ, ಎರಡು ಮೀಟರ್ ಹಿಂದೆ, ಗಟ್ಟಿಯಾದ ವೇದಿಕೆಯ ಮೇಲೆ ನಿಲ್ಲಿಸಿ. ಅಲ್ಲಿಂದ ಅತಿ ದೂರದ ಮೂಲೆ ಪೈಥಾಗೊರಸನ ಪ್ರಮೇಯದ ಪ್ರಕಾರ 22 ಮೀಟರ್. ಕಾರು ಅಲ್ಲಿಯೂ ಚಂದ್ರನಿಗಿಂತ ಕೂದಲೆಳೆಯಷ್ಟು ದೊಡ್ಡದಾಗಿಯೇ ಕಾಣುತ್ತದೆ.