ಗರಿ ಉದುರಿದ ಹೇಂಟೆಯ ಚರಿತ್ರೆ



ಹಿತ್ತಿಲಲ್ಲಿ ನಾಲ್ಕಾರು ಕೋಳಿ ಸಾಕಿದವರಿಗೆಲ್ಲ ಗೊತ್ತಿರುವ ಸಂಗತಿ ಒಂದುಂಟು. ನಿನ್ನೆ ಮೊನ್ನೆಯವರೆಗೆ ಮೈತುಂಬ ಗರಿ ಹೊದ್ದು ಓಡಾಡಿಕೊಂಡಿದ್ದ ಹೇಂಟೆ ಇದ್ದಕ್ಕಿದ್ದಂತೆ ಪುಕ್ಕ ಉದುರಿಸತೊಡಗುತ್ತದೆ. ಗೂಡಿನಲ್ಲೂ ಗರಿ, ತಿಪ್ಪೆಯ ಮೇಲೂ ಗರಿ. ಕತ್ತು ಬೋಳು, ಬಾಲ ಬೋಳು. ಮೊಟ್ಟೆಯೂ ನಿಂತುಹೋಗುತ್ತದೆ. “ಇದಕ್ಕೇನೋ ಜಾಡ್ಯ ತಗುಲಿತು, ಸಾಯೋ ಮುಂಚೆ ಸಂತೆಗಾದರೂ ಹಾಕಿಬಿಡೋಣ” ಅನ್ನುತ್ತಾರೆ ಮನೆಯ ಯಜಮಾನರು. ಬಂದಷ್ಟು ಬೆಲೆಗೆ ಕೋಳಿ ಹೋಗುತ್ತದೆ. ಇಲ್ಲವೇ ಅದೇ ದಿನ ಒಲೆ ಏರುತ್ತದೆ. ಹೀಗೆ ಹೋದದ್ದು ಆ ಮನೆಯ ಅತ್ಯುತ್ತಮ ಹೇಂಟೆಯೇ ಆಗಿರಬಹುದು. ಹ್ಯಾಗೆ ಅಂತೀರಾ? ಅದನ್ನು ತಿಳಿಯಬೇಕಾದರೆ ಕೋಳಿಯ ಚರಿತ್ರೆಯನ್ನೂ, ಅದರಲ್ಲೂ ಬೆಂಗಳೂರಿನ ಬಡಗಣ ಮಗ್ಗುಲಿನ ಹೆಬ್ಬಾಳ, ಹೆಸರಘಟ್ಟಗಳ ಚರಿತ್ರೆಯನ್ನೂ ಕೊಂಚ ನೋಡಬೇಕು.

ಮೊದಲು ಗರಿಯ ವಿಚಾರ. ಬೆಳೆದು ನಿಂತ ಗರಿಯಲ್ಲಿ ಜೀವವಿಲ್ಲ, ನಮ್ಮ ಉಗುರು ಕೂದಲಿನ ಹಾಗೆ. ಬಿಸಿಲು, ಮಳೆ, ಮಣ್ಣಿನ ಹೊರಳಾಟದಲ್ಲಿ ಅದು ಸವೆಯುತ್ತದೆ. ಹರಿದ ಬಟ್ಟೆಗೆ ತೇಪೆ ಹಾಕಬಹುದು. ಸವೆದ ಗರಿಗೆ ತೇಪೆಯಿಲ್ಲ, ಅದು ಉದುರಿ ಹೊಸದೇ ಹುಟ್ಟಬೇಕು. ಗರಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಸಸಾರಜನಕವೇ. ಮೊಟ್ಟೆಗೂ ಬೇಕಾದದ್ದು ಅದೇ. ಒಂದೇ ಕಣಜದಿಂದ ಎರಡು ಮದುವೆ ಮಾಡಲಾದೀತೇ? ಆದ್ದರಿಂದಲೇ ಗರಿ ಬದಲಿಸುವ ಹೇಂಟೆ ಮೊಟ್ಟೆಯನ್ನು ನಿಲ್ಲಿಸುತ್ತದೆ. ಇದು ರೋಗವಲ್ಲ, ಪ್ರಕೃತಿ ಕೊಟ್ಟ ರಜೆ.

ಈ ರಜೆ ಬಹಳ ಹಳೆಯದು. ನಮ್ಮ ಸಾಕುಕೋಳಿಯ ಮೂಲಪುರುಷ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಕಾಡಿನ ಹೇಂಟೆ ವರ್ಷಕ್ಕೆ ಕೆಲವೇ ಮೊಟ್ಟೆ ಇಟ್ಟು, ಮರಿ ಮಾಡಿ ಬೆಳೆಸಿ, ಆಮೇಲೆ ಗರಿ ಬದಲಿಸಿಕೊಳ್ಳುತ್ತದೆ. ಹುಂಜವೂ ಅಷ್ಟೇ, ಕೂಡುವ ಕಾಲ ಮುಗಿದ ಮೇಲೆ ಕತ್ತಿನ ಹೊಳೆಯುವ ಗರಿ ಕಳಚಿ ಕೆಲವು ತಿಂಗಳು ಮಂಕು ಗರಿಯಲ್ಲಿ ಇರುತ್ತದೆ. ನಮ್ಮ ನಾಟಿಕೋಳಿ ಈ ದಾರಿಯನ್ನು ಪೂರ್ತಿ ಬಿಟ್ಟಿಲ್ಲ. ಹತ್ತು ಹದಿನೈದು ಮೊಟ್ಟೆ ಇಡುವುದು, 21 ದಿನ ಕಾವು ಕೂರುವುದು, ಮರಿ ಕಟ್ಟಿಕೊಂಡು ತಿರುಗುವುದು, ಮತ್ತೆ ಮೊಟ್ಟೆ. ವರ್ಷದಲ್ಲಿ ಹಲವು ಸಲ ಅದಕ್ಕೆ ಬಿಡುವು ಸಿಗುತ್ತದೆ.

ಈಗ ಹೆಬ್ಬಾಳಕ್ಕೆ ಬರೋಣ. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ವ್ಯವಸಾಯದ ಪ್ರಯೋಗಕ್ಕೆಂದು ಅಲ್ಲಿ 30 ಎಕರೆ ಜಮೀನು ಕೊಟ್ಟರು. 1913ರಲ್ಲಿ, ಕೋಲ್ಮನ್ನರ ಕಾಲದಲ್ಲಿ, ವ್ಯವಸಾಯ ಶಾಲೆ ಬಂತು. 1958ರಲ್ಲಿ ಪಶುವೈದ್ಯ ಕಾಲೇಜು ಪ್ರಾರಂಭವಾಯಿತು. ಎರಡನೆಯ ಪಂಚವಾರ್ಷಿಕ ಯೋಜನೆಯಲ್ಲಿ ದೇಶದ ಐದು ಕಡೆ ಪ್ರಾದೇಶಿಕ ಕೋಳಿ ಫಾರಂ ತೆರೆದಾಗ ಬೆಂಗಳೂರಿಗೂ ಒಂದು ಬಂತು. ಯಲಹಂಕದಾಚೆಯ ಹೆಸರಘಟ್ಟ ಕೋಳಿ ತಳಿಗೂ ತರಬೇತಿಗೂ ಹೆಸರಾಯಿತು. ಬಿಳಿ ಲೆಗ್‌ಹಾರ್ನ್, ರೋಡ್ ಐಲೆಂಡ್ ರೆಡ್ ಎಂಬ ಸೀಮೆ ಕೋಳಿಗಳು ಹಳ್ಳಿ ಹಿತ್ತಿಲು ಸೇರಿದ್ದು ಆ ಕಾಲದಲ್ಲೇ. ನಾಟಿಕೋಳಿ ವರ್ಷಕ್ಕೆ ಐವತ್ತು ಅರುವತ್ತು ಮೊಟ್ಟೆ ಕೊಟ್ಟರೆ ಒಳ್ಳೆಯ ಲೆಗ್‌ಹಾರ್ನ್ 200ಕ್ಕೂ ಮೀರಿ ಕೊಡುತ್ತಿತ್ತು. ಕಾವು ಕೂರುವ ಗುಣ ಅದಕ್ಕೆ ಬಹುಮಟ್ಟಿಗೆ ತಪ್ಪಿತ್ತು. ಅಂದರೆ ನಡುನಡುವಿನ ಬಿಡುವೆಲ್ಲ ಹೋಗಿ, ಗರಿ ಉದುರುವ ಕಾಲವೊಂದೇ ಅದರ ಪಾಲಿನ ರಜೆಯಾಗಿ ಉಳಿಯಿತು.

ಕೋಳಿಯ ಜೊತೆಗೆ ಸೀಮೆಯ ಪುಸ್ತಕವೂ ಬಂತು. ಬೇಸಿಗೆ ಮುಗಿಯುವಾಗಲೇ ಗರಿ ಉದುರಿಸುವ ಹೇಂಟೆಯನ್ನು ತೆಗೆದುಹಾಕಿ, ಚಳಿ ಬಂದ ಮೇಲೆ ಉದುರಿಸುವುದನ್ನು ಇಟ್ಟುಕೊಳ್ಳಿ ಎಂದು ಅದರ ಉಪದೇಶ. ಆ ನಾಡಿಗೆ ಅದು ಸರಿಯೇ. ಹಕ್ಕಿಗೆ ಋತುವನ್ನು ತಿಳಿಸುವುದು ಹಗಲಿನ ಉದ್ದ. ಕೆನಡಾದ ವಿಲಿಯಂ ರೋವನ್ ಎಂಬ ವಿಜ್ಞಾನಿ 1920ರ ದಶಕದಲ್ಲಿ, ಕೊರೆಯುವ ಚಳಿಯಲ್ಲಿ ಪಂಜರಕ್ಕೆ ದೀಪ ಹಚ್ಚಿ ಹಗಲನ್ನು ಉದ್ದ ಮಾಡಿ, ಹಕ್ಕಿಗಳ ಮೈಯಲ್ಲಿ ವಸಂತದ ಬದಲಾವಣೆ ತರಿಸಿ ತೋರಿಸಿದರು. ಹಗಲು ಕುಗ್ಗಿದರೆ ಮೊಟ್ಟೆ ಕುಗ್ಗಿ ಗರಿ ಬದಲಾಗುತ್ತದೆ. ಆದರೆ ಲಂಡನ್ನಿನಲ್ಲಿ ಜೂನಿನ ಹಗಲಿಗೂ ಡಿಸೆಂಬರಿನ ಹಗಲಿಗೂ ಎಂಟು ಗಂಟೆಗೂ ಮಿಕ್ಕ ಅಂತರ. ಬೆಂಗಳೂರಿನಲ್ಲಿ ಸುಮಾರು ಒಂದೂವರೆ ಗಂಟೆ ಅಷ್ಟೇ. ಹೀಗಾಗಿ ನಮ್ಮ ಹಿತ್ತಿಲಲ್ಲಿ ಇಂಥ ತಿಂಗಳು ಅಂತ ಗೆರೆ ಎಳೆಯಲಾಗದು. ಕಾವು ಕೂತದ್ದು, ಮೇವು ಕಡಿಮೆಯಾದದ್ದು, ಬಿಸಿಲ ಝಳ, ಕಾಯಿಲೆಯಿಂದ ಎದ್ದದ್ದು, ಯಾವುದರಿಂದಲಾದರೂ ಗರಿ ಉದುರೀತು.

ಹಾಗಾದರೆ ಒಳ್ಳೆಯ ಹೇಂಟೆಯನ್ನು ಗುರುತಿಸುವುದು ಹ್ಯಾಗೆ? ತಿಂಗಳು ನೋಡಬೇಡಿ, ರೆಕ್ಕೆ ಬಿಡಿಸಿ ನೋಡಿ. ರೆಕ್ಕೆಯ ಹೊರಭಾಗದಲ್ಲಿ ಹತ್ತು ದೊಡ್ಡ ಗರಿಗಳಿರುತ್ತವೆ. ಅವು ನಡುವಿನಿಂದ ತುದಿಯ ಕಡೆಗೆ ವರಸೆಯಾಗಿ ಉದುರುತ್ತವೆ. ಒಂದು ಗರಿ ಪೂರ್ತಿ ಬೆಳೆಯಲು ಆರು ವಾರ ಬೇಕು. ಸೋಮಾರಿ ಹೇಂಟೆ ಒಂದೊಂದೇ ಗರಿಯನ್ನು ನಿಧಾನವಾಗಿ ಬಿಡುತ್ತದೆ. ನೋಡಲು ಅಂದವಾಗೇ ಇರುತ್ತದೆ, ಆದರೆ ನಾಲ್ಕು ಆರು ತಿಂಗಳು ಮೊಟ್ಟೆಯಿಲ್ಲ. ಒಳ್ಳೆಯ ಹೇಂಟೆ ತಡವಾಗಿ ಶುರುಮಾಡುತ್ತದೆ. ಎರಡು ಮೂರು ಗರಿ ಒಟ್ಟಿಗೆ ಬಿಟ್ಟು, ಬೋಳುಬೋಳಾಗಿ, ಎರಡು ಮೂರು ತಿಂಗಳಲ್ಲಿ ಕೆಲಸ ಮುಗಿಸುತ್ತದೆ. ವರ್ಷವೆಲ್ಲ ದುಡಿದು ಹರಕು ಬಟ್ಟೆಯಲ್ಲಿ ನಿಂತ ಕೂಲಿಯವಳಂತೆ ಕಾಣುವ ಈ ಹೇಂಟೆಯನ್ನೇ ನಾವು ಮೊದಲು ಸಂತೆಗೆ ಕಳಿಸುವುದು! ಅದರ ಜೊತೆಗೆ ಹೋಗುವುದು ತಾಯಂದಿರ ಕೈಖರ್ಚಿನ ಕಾಸು.

ಉದುರಿದ್ದೆಲ್ಲ ರಜೆಯೇ ಅಂತಲೂ ಅಲ್ಲ. ಗರಿ ಎಲ್ಲಿ ಹೋಗಿದೆ ನೋಡಿ. ಬೆನ್ನ ಮೇಲೆ ಮಾತ್ರ ಬೋಳಾಗಿದ್ದರೆ ಹುಂಜದ ಕಾಲುಗುರಿನ ಕೆಲಸ. ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಎದೆ, ಹೊಟ್ಟೆ ಬೋಳಾಗಿದ್ದರೆ ಕಾವಿಗೆ ಕೂತದ್ದು; ಮೈಯ ಬಿಸಿ ಮೊಟ್ಟೆಗೆ ತಾಗಲೆಂದು ಆ ಏರ್ಪಾಟು. ಬಾಲದ ಬುಡದಲ್ಲಿ, ಗುದದ ಸುತ್ತ ಕೆದರಿದ್ದರೆ ಹೇನು. ನುಸಿ ಕೆಲವು ಹಗಲೆಲ್ಲ ಗೂಡಿನ ಸಂದಿಯಲ್ಲಿ ಅಡಗಿದ್ದು ರಾತ್ರಿ ರಕ್ತ ಹೀರುತ್ತವೆ. ಕತ್ತಲಾದ ಮೇಲೆ ದೀಪ ಹಿಡಿದು ನೋಡಬೇಕು. ಬೂದಿ ಬೆರೆಸಿದ ಒಣ ಮಣ್ಣಿನ ಗುಂಡಿ ಮಾಡಿಕೊಡಿ, ಗೂಡಿಗೆ ಸುಣ್ಣ ಬಳಿಯಿರಿ, ಹೆಚ್ಚಾದರೆ ಪಶುವೈದ್ಯರನ್ನು ಕೇಳಿ. ಒಂದು ಕಾಲಕ್ಕೆ ಡಿ.ಡಿ.ಟಿ. ಪುಡಿ ಎರಚುವುದಿತ್ತು, ಅದರ ಅಂಶ ಮೊಟ್ಟೆಗೂ ಇಳಿಯುತ್ತದೆ, ಆ ದಾರಿ ಬೇಡ. ಹೊಲಕ್ಕೆ ಹೊಡೆಯುವ ವಿಷವನ್ನು ಕೋಳಿಯ ಮೈಗೆ ಸವರಲೇಕೂಡದು. ಇನ್ನು ಕೊಕ್ಕರೆ ರೋಗದ ಭಯ. ಅದರ ಗುರುತು ಬೇರೆ: ಬಾಯಿ ತೆರೆದು ಉಸಿರಾಟ, ಹಸುರು ಭೇದಿ, ಕತ್ತು ತಿರುಚುವುದು. ಗರಿ ಉದುರಿದ್ದೂ ಕೋಳಿ ಚುರುಕಾಗಿ ಕೆದಕುತ್ತಿದ್ದರೆ ಹೆದರಬೇಕಾಗಿಲ್ಲ.

ಫಾರಂಗಳಲ್ಲಿ ಸಾವಿರಾರು ಕೋಳಿ ಪಂಜರ ಸೇರಿದ ಮೇಲೆ ಈ ರಜೆಯನ್ನೂ ಮನುಷ್ಯ ತನ್ನ ಕೈಗೆ ತೆಗೆದುಕೊಂಡ. ಎಲ್ಲ ಕೋಳಿಯೂ ಒಟ್ಟಿಗೆ ಗರಿ ಉದುರಿಸಿ ಮತ್ತೆ ಒಟ್ಟಿಗೆ ಮೊಟ್ಟೆ ಇಡಲೆಂದು ಹಲವು ದಿನ ಉಪವಾಸ ಕೆಡವುವ ಪದ್ಧತಿ ಬಂತು. ಇದು ಕ್ರೌರ್ಯ, ನಿಲ್ಲಿಸಿ ಎಂದು 2011ರಲ್ಲಿ ಭಾರತದ ಪ್ರಾಣಿ ಕಲ್ಯಾಣ ಮಂಡಳಿ ಹೇಳಬೇಕಾಯಿತು. ಇತ್ತ ಹೆಬ್ಬಾಳದ ವಿಜ್ಞಾನಿಗಳು ಹಿತ್ತಿಲನ್ನು ಮರೆಯಲಿಲ್ಲ. ಬಣ್ಣದ ಗರಿಯ ಗಿರಿರಾಜ, ಆಮೇಲೆ 2005ರಲ್ಲಿ ಸ್ವರ್ಣಧಾರ, ಎರಡೂ ಅಲ್ಲಿಂದಲೇ ಹಳ್ಳಿಗೆ ಬಂದವು.

ಇಂದು ಹೆಬ್ಬಾಳ, ಯಲಹಂಕ, ಯಶವಂತಪುರಗಳಲ್ಲಿ ಹಿತ್ತಿಲೇ ಕಿರಿದಾಗಿದೆ. ಇಕ್ಕಟ್ಟಾದರೆ ಕೋಳಿ ಕೋಳಿಯನ್ನೇ ಕುಕ್ಕಿ ಗರಿ ಕೀಳುತ್ತದೆ. ಜಾಗ ಕಡಿಮೆಯಿದ್ದರೆ ಕೋಳಿಯೂ ಕಡಿಮೆ ಇರಲಿ, ಮುಂಜಾನೆ ಸಂಜೆ ಹೊರಗೆ ಬಿಡಿ.

ಕಡೆಯ ಮಾತು. ಗರಿ ಬಿಟ್ಟ ಹೇಂಟೆಗೆ ರಾಗಿಯೊಂದನ್ನೇ ಹಾಕಿದರೆ ಸಾಲದು. ಬೂಸಲು ಹಿಡಿಯದ ಕಡಲೆಕಾಯಿ ಹಿಂಡಿ, ಮೀನಿನ ಪುಡಿ, ಗೆದ್ದಲು, ಸೊಪ್ಪು ಕೊಡಿ. ಹೊಸ ಗರಿಯ ಬುಡದಲ್ಲಿ ರಕ್ತವಿರುತ್ತದೆ, ಮುಟ್ಟಿದರೆ ನೋವು. ಮಕ್ಕಳು ಹಿಡಿದಾಡದಂತೆ ನೋಡಿಕೊಳ್ಳಿ. ಹತ್ತು ಹನ್ನೆರಡು ವಾರ ತಾಳಿ. ಜುಟ್ಟು ಮತ್ತೆ ಕೆಂಪೇರಿದರೆ ಮೊಟ್ಟೆ ದೂರವಿಲ್ಲವೆಂದು ತಿಳಿಯಿರಿ. ಅಷ್ಟಾದರೂ ಗರಿಯೂ ಇಲ್ಲ, ಮೊಟ್ಟೆಯೂ ಇಲ್ಲ ಅಂದರೆ ಆಗ ಸಂತೆಯ ಮಾತು ಆಡೋಣ.